ಮರಿ ಬಿಟ್ಟವಳು

ಖಾಖರಿಯಾ ನೆಸ್, ಗೀರ್ ಕಾಡು
ವೈಶಾಖ ಶುದ್ಧ ಪಂಚಮಿ, ಗುರುವಾರ ಮಧ್ಯಾಹ್ನ

ಮಗಳು ರೂಡಿಗೆ ನಿನ್ನ ತಾಯಿ ಪೂರಿಯ ಜೈ ಮಾತಾಜಿ. ಮೊಮ್ಮಗಳು ಕಂಕುವಿನ ಎರಡೂ ಕೆನ್ನೆಗೆ ಮುತ್ತು.

ಕಾಗದದ ತಲೆಯಲ್ಲಿ ಸೌಭಾಗ್ಯವತಿ ಎಂದು ಬರೆಯುವುದು ರೂಢಿ. ನಿನ್ನ ಹೆಸರಿನ ಮುಂದಿನ ಆ ಮಾತನ್ನು ಹೋದ ವರ್ಷ ನಿನ್ನ ಗಂಡನನ್ನು ಕಚ್ಚಿದ ಹಾವು ಕಿತ್ತುಕೊಂಡಿತು. ಬರುವ ಸೋಮವಾರ ಅದು ಮತ್ತೆ ಬರುತ್ತದಂತೆ. ನಡುವಿನ ಈ ನಾಲ್ಕು ದಿನಕ್ಕೆ ಏನು ಬರೆಯಬೇಕೋ ನನಗೆ ತಿಳಿಯಲಿಲ್ಲ, ಅದಕ್ಕೆ ಬರೀ ರೂಡಿ ಎಂದಿದ್ದೇನೆ.

ಬೆಳಿಗ್ಗೆ ಹಾಲಿನ ಜೀಪಿನ ಭೀಖು ನಿನ್ನ ಮಾತು ತಂದ. ಕ್ಯಾನು ಮೇಲೇರಿಸುತ್ತ ಹಲ್ಲು ಕಿರಿದುಕೊಂಡೇ ಹೇಳಿದ, "ಪೂರಿ ಮಾಸಿ, ಬೆಲ್ಲ ಕೊಡಿ ಮೊದ್ಲು. ನಿಮ್ಮ ರೂಡಿ ಸೋಮವಾರ ವೀರಮ್ ಮನೆಗೆ ನಾತ್ರು ಹೋಗ್ತಾಳೆ. ಮಗು ಅವರಪ್ಪನ ಮನೇಲೇ ಉಳಿಯುತ್ತಂತೆ. 'ನಮ್ಮವ್ವ ಹೆಂಗೆ ಹೋದ್ಲೋ ಹಂಗೇ ನಾನೂ ಹೋಗ್ತಿದೀನಿ ಅಂತ ಹೇಳು' ಅಂದ್ಲು." ಎರಡನೆಯ ಮದುವೆಯ ಸುದ್ದಿಯೆಂದರೆ ಶುಭ ಸುದ್ದಿ ತಾನೆ, ಅವನದೇನು ತಪ್ಪು. ಬೆಲ್ಲ ಕೊಟ್ಟೆ. ಆಮೇಲೆ ಕರೆಯಲು ಕೂತರೆ ಎಮ್ಮೆ ಒದೆಯಿತು, ಅರ್ಧ ಹಾಲು ನೆಲಕ್ಕೆ ಹೋಯಿತು. ಆಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಜೀಪು ನಾಳೆ ಬೆಳಿಗ್ಗೆ ಮತ್ತೆ ಬರುತ್ತದೆ. ಅಷ್ಟರೊಳಗೆ ಇದು ಮುಗಿಯಬೇಕು.

ನಾನು ಕಾಗದ ಬರೆಯುತ್ತೇನೆಂದರೆ ನೀನು ನಗುತ್ತೀಯ. ನೀನು ಏಳನೆಯ ಇಯತ್ತೆ ಓದಿದವಳು, ನಾನು ಶಾಲೆಯ ಬಾಗಿಲು ಕಂಡವಳಲ್ಲ. ನನ್ನ ಅಕ್ಷರವೆಲ್ಲ ಸಾವಜ್ ಸಿಂಹಗಳ ಪುಸ್ತಕದಲ್ಲಿ ಕಲಿತದ್ದು. ನಮ್ಮ ಮನೆಯವರು ಕಾಡಿನ ಕಚೇರಿಗೆ ಸಿಂಹಗಳ ಜಾಡು ನೋಡುವವರು ಎಂಬುದು ನಿನಗೆ ಗೊತ್ತಿದೆ. ಆರು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಕೊಯ್ಯಿಸಿದರೂ ಗುಣವಾಗಲಿಲ್ಲ. ಆಗಿನಿಂದ ಹೆಜ್ಜೆ ನೋಡುವವಳು ನಾನು, ಪುಸ್ತಕದಲ್ಲಿ ಬರೆಯುವವಳೂ ನಾನು. ಅವರು ಪಕ್ಕದಲ್ಲಿ ನಡೆಯುತ್ತ ಮೂಗು, ಕಿವಿಗಳಲ್ಲೇ ಅರ್ಧ ಕಾಡು ಹೇಳಿಬಿಡುತ್ತಾರೆ. ಗಂಡನ ಹೆಸರು ನಮ್ಮಲ್ಲಿ ಬಾಯಲ್ಲಿ ತೆಗೆಯುವಂತಿಲ್ಲ, ಆದರೆ ದಿನಾ ಪುಟದ ಮೇಲೆ ಬರೆಯುತ್ತೇನೆ: ಕರಮಣ್ ರಾಜಾ. ಕಚೇರಿಯವರಿಗೂ ಇದು ಗೊತ್ತು. ಗೊತ್ತಿಲ್ಲದವರ ಹಾಗೆ ಇರುತ್ತಾರೆ, ಅಷ್ಟೆ.

ಹಾಗಾಗಿ ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ ಮಗಳೇ. ಸಿಂಹಗಳಿಂದಲೇ ಶುರುಮಾಡುತ್ತೇನೆ, ಬೈದುಕೊಳ್ಳಬೇಡ.

ನಮ್ಮ ಕೊರಕಲಿನಲ್ಲಿ ಅಕ್ಕತಂಗಿ ಸಿಂಹಿಣಿಯರು ಇಬ್ಬರಿದ್ದಾರೆ. ಒಬ್ಬಳ ಎಡಗಿವಿ ಹರಿದಿದೆ, ಅವಳನ್ನು ಬೂಚಿ ಎನ್ನುತ್ತೇವೆ. ಇನ್ನೊಬ್ಬಳು ತಿಳಿ ಬಣ್ಣದವಳು, ಧೋಳಿ. ಇಬ್ಬರೂ ಇಲ್ಲೇ ಹುಟ್ಟಿದರು, ಅವರ ತಾಯಿಯೂ ಇಲ್ಲೇ ಹುಟ್ಟಿದ್ದಳು. ಸಿಂಹಗಳ ಮನೆಯಲ್ಲಿ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ಅಲ್ಲಿ ಹೆಣ್ಣುಮಕ್ಕಳು ತಾಯಿ, ದೊಡ್ಡಮ್ಮ, ಅಜ್ಜಿಯ ಜೊತೆ ಹುಟ್ಟಿದ ನೆಲದಲ್ಲೇ ಉಳಿಯುತ್ತಾರೆ. ಮೂರು ವರ್ಷ ತುಂಬುವಾಗ ಮನೆ ಬಿಟ್ಟು ಹೋಗಬೇಕಾದವರು ಗಂಡುಗಳು. ಅಣ್ಣತಮ್ಮಂದಿರು ಜೊತೆಯಾಗಿ ಅಲೆಯುತ್ತಾರೆ, ಬೈಸಿಕೊಳ್ಳುತ್ತಾರೆ, ಕಚ್ಚಿಸಿಕೊಳ್ಳುತ್ತಾರೆ, ಯಾರದೋ ನೆಲ ಗೆದ್ದರೆ ನಿಲ್ಲುತ್ತಾರೆ. ಗೆದ್ದಮೇಲೂ ಹೆಣ್ಣುಗಳ ಜೊತೆ ಇರುವುದಿಲ್ಲ. ದೊಡ್ಡ ಬೇಟೆ ಬಿದ್ದಾಗ ಊಟಕ್ಕೆ, ಕೂಡುವ ಕಾಲಕ್ಕೆ, ಇಷ್ಟಕ್ಕೇ ನೆಂಟರ ಹಾಗೆ ಬರುತ್ತಾರೆ. ಇದನ್ನು ನೋಡಿ ನನಗೆ ಎಷ್ಟು ಸಲ ಹೊಟ್ಟೆಕಿಚ್ಚಾಗಿದೆಯೋ. ನಾನು ಸಿಂಹಿಣಿಯಾಗಿ ಹುಟ್ಟಿದ್ದರೆ ಎರಡು ಸಲ ಗಂಟು ಕಟ್ಟಿಕೊಂಡು ಬೇರೆಯವರ ಅಂಗಳ ಗುಡಿಸಬೇಕಿರಲಿಲ್ಲ.

ಮೂರು ವರ್ಷ ಈ ನೆಲ ಜೋಡಿ ಗಂಡುಗಳ ಕೈಯಲ್ಲಿತ್ತು. ಹೋಳಿ ಕಳೆದಮೇಲೆ ಅವುಗಳಲ್ಲಿ ಒಂದು ಕಟ್ಟೆಯಿಲ್ಲದ ಬಾವಿಗೆ ಬಿದ್ದು ಸತ್ತಿತು. ಒಂಟಿಯಾದದ್ದನ್ನು ಓಡಿಸಲು ಎರಡೇ ದಿನ ಸಾಕಾಯಿತು. ತೇಗದ ಕಾಡಿನ ಕಡೆಯಿಂದ ಕಪ್ಪು ಕೇಸರದ ಹೊಸ ಜೋಡಿ ಬಂದು ಹಿರಣ್ ನದಿಯ ದಂಡೆಯ ಆಲದ ಕೆಳಗೆ ಕೂತುಬಿಟ್ಟಿತು. ಹೊಸ ಗಂಡು ಬಂದರೆ ಏನಾಗುತ್ತದೆಂದು ನಿನಗೆ ಹೇಳಬೇಕೆ? ಹಳೆಯವನ ಮರಿಗಳನ್ನು ಉಳಿಸುವುದಿಲ್ಲ. ಮರಿ ಸತ್ತ ಕೆಲವೇ ವಾರದಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತಾಳೆ, ಅವನಿಗೆ ಬೇಕಾದದ್ದು ಅದು.

ಧೋಳಿಗೆ ತಿಂಗಳ ಮೂರು ಮರಿಗಳಿದ್ದವು. ಅವಳು ಎದುರು ನಿಂತಳು. ನಾನು ದಿನ್ನೆಯ ಮೇಲಿನಿಂದ ನೋಡಿದೆ. ಅದನ್ನು ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದೇನೆ, ಇಲ್ಲಿ ಅಷ್ಟೂ ಬರೆಯಲಾರೆ.

(ಎದ್ದು ಹೋಗಿ ಬಂದೆ. ದಿನ್ನೆಯ ತನಕ ಹೋದೆ, ಏನೂ ಕಾಣಲಿಲ್ಲ. ಚಹಾ ಉಕ್ಕಿ ಒಲೆ ಆರಿತ್ತು. ಇವರು ಮಂಚದ ಮೇಲಿಂದಲೇ "ಏನೇ ಇವತ್ತು, ಕಾಲಿಗೆ ಮುಳ್ಳು ಚುಚ್ಚಿದ ಮೇಕೆ ಹಂಗೆ ಆಡ್ತಿದೀಯ" ಎಂದರು. ಒಲೆ ಮತ್ತೆ ಹೊತ್ತಿಸಿದೆ.)

ಇಪ್ಪತ್ತು ದಿನವೂ ಆಗಿರಲಿಲ್ಲ, ಧೋಳಿ ಅದೇ ಗಂಡುಗಳ ಜೊತೆ ಹೊರಟಳು. ನೀರಿನ ತೊಟ್ಟಿಯ ಹತ್ತಿರ ಹೆಂಗಸರಿಗೆ ಮಾತಿಗೆ ಅಷ್ಟು ಸಾಕಿತ್ತು. ನಮ್ಮ ಸೋದರತ್ತೆ ಜಸೀ ಫೋಯಿಯ ನಾಲಿಗೆ ನಿನಗೆ ಗೊತ್ತಿಲ್ಲ. ಎಪ್ಪತ್ತಾಗಿದೆ, ಹಲ್ಲು ಹೋಗಿವೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು, "ಅಯ್ಯೋ ಬಿಡ್ರೇ, ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಹೊಸ ಗಂಡ ಬಂದ, ಧೋಳಿ ನಾತ್ರು ಹೋದ್ಲು. ಮೊಲೆ ಹಾಲು ಇನ್ನೂ ಆರಿಲ್ಲ" ಎಂದಳು. ಎಲ್ಲರೂ ನಕ್ಕರು. ಆಮೇಲೆ ನಾನು ಅಲ್ಲೇ ಇದ್ದೇನೆಂದು ನೆನಪಾಗಿ ಒಬ್ಬೊಬ್ಬರೇ ಬಿಂದಿಗೆ ಎತ್ತಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ.

ಇನ್ನು ಬೂಚಿಯ ವಿಷಯ. ಅವಳಿಗೂ ಮೂರು ಮರಿಗಳು, ಕೊರಕಲಿನ ಕವಳಿ ಪೊದೆಯೊಳಗೆ. ಕಣ್ಣು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಹೊಸ ಗಂಡುಗಳಿಗೆ ಅವು ಇರುವುದೇ ಗೊತ್ತಿರಲಿಲ್ಲ. ಚೈತ್ರದ ಕೊನೆಯಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಬೂಚಿ ತಾನಾಗಿಯೇ ನದಿಯ ಮರಳಿಗೆ ಇಳಿದು ಆ ಎರಡರ ಮುಂದೆ ಅಂಗಾತ ಬಿದ್ದು ಹೊರಳುತ್ತಿದ್ದಾಳೆ. ಬಾಲ ಅವುಗಳ ಮುಖಕ್ಕೆ ಸವರುತ್ತಾಳೆ, ನಾಲ್ಕು ಹೆಜ್ಜೆ ಓಡುತ್ತಾಳೆ, ತಿರುಗಿ ನೋಡುತ್ತಾಳೆ. ಮೂರು ದಿನ ಹೀಗೇ. ನನಗೆ ಎಂಥ ಸಿಟ್ಟು ಬಂತು ರೂಡಿ! ಧೋಳಿಯ ಮರಿಗಳಾದರೂ ಸತ್ತಿದ್ದವು. ಇವಳ ಮರಿಗಳು ಜೀವಂತ ಇರುವಾಗಲೇ? ಮನೆಗೆ ಬಂದು ಪುಸ್ತಕ ತೆಗೆದು ಅಕ್ಷರ ಒತ್ತಿ ಬರೆದೆ: ಬೂಚಿ ಮರಿ ಬಿಟ್ಟಳು.

ಈ ಮೂರು ಶಬ್ದ ಸಣ್ಣವಲ್ಲ. ಪುಸ್ತಕ ಶನಿವಾರ ಕಚೇರಿಗೆ ಹೋಗುತ್ತದೆ. ಮರಿ ಬಿಟ್ಟಳು ಎಂದಿದ್ದರೆ ಗಾಡಿ ಬಂದು ಮರಿಗಳನ್ನು ಪಂಜರಕ್ಕೆ ಒಯ್ಯುತ್ತದೆ. ಅಲ್ಲಿಗೆ ಹೋದ ಮರಿ ಬಾಟಲಿ ಹಾಲು ಕುಡಿದು ಬದುಕುತ್ತದೆ, ಕಾಡಿಗೆ ತಿರುಗಿ ಬರುವುದಿಲ್ಲ.

ರಾತ್ರಿಯ ರೊಟ್ಟಿಗೆ ಮೊದಲು ಬರೆದದ್ದನ್ನು ಇವರಿಗೆ ಓದಿ ಹೇಳುವುದು ನಮ್ಮ ಪದ್ಧತಿ. ಓದಿದೆ. ಇವರು ಬಹಳ ಹೊತ್ತು ಬೀಡಿ ಎಳೆದರು.

"ಹೊಟ್ಟೆ ಕೆಳಗೆ ನೋಡಿದ್ಯಾ?"

"ಏನು ನೋಡ್ಬೇಕು?"

"ಮೊಲೆ ಸುತ್ತ ಕೂದ್ಲು ಒದ್ದೆಯಾಗಿ ಅಂಟಿಕೊಂಡಿತ್ತಾ, ಒಣಗಿತ್ತಾ?"

ನಾನು ನೋಡಿರಲಿಲ್ಲ. ಇವರು ಬೈಯಲಿಲ್ಲ. "ಕಣ್ಣಿರೋಳು ನೀನು ಪೂರಿ. ಕಂಡದ್ದು ಬರಿ. ತಿಳ್ಕೊಂಡದ್ದು ಬರೀಬೇಡ" ಎಂದರು. ಇಪ್ಪತ್ತೊಂದು ವರ್ಷದಲ್ಲಿ ಆ ಮನುಷ್ಯ ನನಗೆ ಹೇಳಿದ ಅತಿ ಕಟುವಾದ ಮಾತು ಅದೇ.

ಮಾರನೆಯ ದಿನ ಬಂಡೆಯ ನೆರಳಿನಲ್ಲಿ ಕೂತೆವು. ನಡು ಮಧ್ಯಾಹ್ನ ಗಂಡುಗಳೆರಡೂ ಆಲದ ಕೆಳಗೆ ಕಾಲು ಚಾಚಿ ಮಲಗಿದವು. ಬೂಚಿ ಎದ್ದಳು. ಕೊರಕಲು ಇರುವುದು ಪಡುವಣಕ್ಕೆ, ಅವಳು ಹೊರಟದ್ದು ಮೂಡಣಕ್ಕೆ. ಕಲ್ಲುಗಳ ಮೇಲೆ ಕಾಲಿಟ್ಟು, ನೀರಿನಲ್ಲಿ ಸ್ವಲ್ಪ ದೂರ ನಡೆದು, ದಿನ್ನೆ ಬಳಸಿ, ಒಂದು ಗಂಟೆಯ ದಾರಿ ಸುತ್ತಿ ಕವಳಿ ಪೊದೆಗೆ ಬಂದಳು. ಒಳಗಿನಿಂದ ಮರಿಗಳ ಕುಂಯ್ ಕುಂಯ್ ಕೇಳಿಸಿತು. ಇವರು ಕಿವಿ ಚಾಚಿ, "ಮೂರೂ ಕುಡೀತಾ ಇವೆ" ಎಂದರು. ಅವಳು ಹೊರಬಂದಾಗ ನೋಡಿದೆ, ಕೂದಲು ಒದ್ದೆ. ಅದೇ ದಾರಿ ಸುತ್ತಿ ಗಂಡುಗಳು ಏಳುವ ಮೊದಲು ಹೋಗಿ ಪಕ್ಕದಲ್ಲಿ ಮಲಗಿಕೊಂಡಳು.

ಇವರು ಆಮೇಲೆ ಹೇಳಿದರು, ಹಳೆಯ ಸಿಂಹಿಣಿಯರು ಹೀಗೆ ಮಾಡುವುದನ್ನು ಅವರು ಮೊದಲೂ ಕಂಡಿದ್ದಾರೆ. ಬೆದೆ ಇಲ್ಲದಿದ್ದರೂ ಇದ್ದಂತೆ ನಟಿಸುತ್ತಾರೆ. ಹೊಸ ಗಂಡನ್ನು ತಮ್ಮ ಹಿಂದೆ ಓಡಾಡಿಸಿ ಪೊದೆಯಿಂದ ದೂರ ಇಡುತ್ತಾರೆ. ತನ್ನ ಜೊತೆ ಮಲಗಿದ ಹೆಣ್ಣಿನ ಮರಿಯನ್ನು ಮುಂದೆಂದೋ ಕಂಡಾಗ ಗಂಡು ತನ್ನದೇ ಇರಬಹುದೆಂದು ಬಿಡುವುದೂ ಉಂಟು, ಬಿಡದಿರುವುದೂ ಉಂಟು. ನಾನು ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಹತ್ತು ದಿನದಿಂದ ಅವಳು ಹೀಗೇ ಓಡಾಡುತ್ತಿದ್ದಾಳೆ. ಈ ನಡುವೆ ಮರಿಗಳನ್ನು ಬಾಯಲ್ಲಿ ಹಿಡಿದು ಹಳ್ಳ ದಾಟಿಸಿದಳು. ಎರಡು ದಾಟಿದವು, ಮೂರನೆಯದರ ಹೊತ್ತಿಗೆ ಏನಾಯಿತೋ, ಅದು ಹಳ್ಳದಲ್ಲೇ ಉಳಿಯಿತು, ಕತ್ತೆಕಿರುಬ ಒಯ್ದಿತು. ಈಗ ಧೋಳಿಯೂ ಮರಿಗಳ ಹತ್ತಿರ ಕಾಣಿಸಿದ್ದಾಳೆ. ಸಿಂಹಿಣಿಯರು ಅಕ್ಕನ ಮರಿ ತಂಗಿಯ ಮರಿ ಎಂದು ನೋಡದೆ ಹಾಲು ಕೊಡುತ್ತಾರೆ. ನಿನ್ನೆಯ ತನಕ ಎರಡು ಮರಿ ಇದ್ದವು. ಇವತ್ತು ನಾನು ಇನ್ನೂ ಕಂಡಿಲ್ಲ, ಮೂರು ಸಲ ಹೋಗಿ ಬಂದೆ.

ಇಷ್ಟು ಬರೆದಮೇಲೆ ನಿನಗೆ ಅರ್ಥವಾಗಿರುತ್ತದೆ. ಬಾಯಿಬಿಟ್ಟು ಹೇಳುತ್ತೇನೆ, ಕಂಕುವನ್ನು ಬಿಟ್ಟು ಹೋಗಬೇಡ ಮಗಳೇ.

'ನೀನು ಯಾವ ಬಾಯಲ್ಲಿ ಹೇಳ್ತೀಯ' ಎಂದು ನನ್ನನ್ನು ಕೇಳುತ್ತೀಯ. ಕೇಳು. ನಿನ್ನ ಅಪ್ಪ ಸತ್ತಾಗ ನನಗೆ ಇಪ್ಪತ್ತು, ನಿನಗೆ ಮೂರು. ನಮ್ಮ ಜಾತಿಯ ಕಟ್ಟಳೆ ನಿನಗೂ ಗೊತ್ತು. ನಾತ್ರುವಿಗೆ ಹಾಡಿಲ್ಲ, ದಿಬ್ಬಣವಿಲ್ಲ. ಹೊಸ ಗಂಡ ಊರ ಹೊರಗೆ ಮರದ ಕೆಳಗೆ ನಿಂತಿರಬೇಕು. ಹಳೆಯ ಮನೆಯವರ ಮುಖ ಅವನು ನೋಡಬಾರದು, ಅವನ ಮುಖ ಅವರು ನೋಡಬಾರದು. ಮಾತೇನಿದ್ದರೂ ಹೊರಟ ಹೆಣ್ಣಿನ ಬಾಯಲ್ಲೇ ಅತ್ತಿಂದಿತ್ತ ಓಡಾಡಬೇಕು. ನಿನ್ನ ಅಜ್ಜಿ ವೇಜಿಬಾ ನಿನ್ನನ್ನು ಇಟ್ಟುಕೊಂಡಳು, ಮಗನ ಕುಡಿ ಮಗನ ಮನೆಯಲ್ಲೇ ಇರಬೇಕೆಂದು. ಹಾಗಂತ ನಿನಗೆ ಹೇಳಿದ್ದಾರೆ, ನಾನೂ ಹಾಗೆಯೇ ಹೇಳಿದ್ದೇನೆ. ಮರುವರ್ಷ ನಾನೊಮ್ಮೆ ಬೇಲಿಯ ತನಕ ಬಂದಿದ್ದೆ. ನೀನು ಅಜ್ಜಿಯ ತೊಡೆಯ ಮೇಲೆ ಕೂತು ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿಸಿಕೊಂಡು ತಿನ್ನುತ್ತಿದ್ದೆ. ದುಂಡಗಾಗಿದ್ದೆ. ಕರೆಯಲಿಲ್ಲ, ಹಾಗೇ ತಿರುಗಿ ಬಂದೆ. ಆಮೇಲೆ ನನ್ನ ಹೊಟ್ಟೆಯಲ್ಲಿ ಯಾರೂ ನಿಲ್ಲಲಿಲ್ಲ. ದೇವಿ ಒಂದು ಕೊಟ್ಟಿದ್ದಳು, ಅದನ್ನು ನಾನು ಹಿಡಿದುಕೊಳ್ಳಲಿಲ್ಲ, ಮತ್ತೆ ಯಾಕೆ ಕೊಡುತ್ತಾಳೆ?

ಆ ಮೇಲೆ ನಿನ್ನನ್ನು ನಾಲ್ಕು ಸಲ ಕಂಡಿದ್ದೇನೆ. ನಾಲ್ಕು ಸಲವೂ ನೀನು ನನ್ನ ಕಾಲು ಮುಟ್ಟಿದೆ, ಮುಖ ನೋಡಲಿಲ್ಲ. ಕಂಕುವೂ ನಿನಗೆ ಹಾಗೆ ಮಾಡುವ ದಿನ ಬರುತ್ತದೆ. ಅದನ್ನು ತಡೆದುಕೊಳ್ಳುವ ಎದೆ ನಿನಗಿದೆ ಎಂದುಕೊಳ್ಳಬೇಡ, ನನಗೇ ಇಲ್ಲ.

ವೀರಮ್ ಬೇಡವೆನ್ನುತ್ತಾನೋ, ನಿನ್ನ ಅತ್ತೆ ಕೊಡುವುದಿಲ್ಲವೆನ್ನುತ್ತಾಳೋ ನನಗೆ ತಿಳಿಯದು. ಯಾವುದೇ ಆಗಿರಲಿ, ಕಂಕುವನ್ನು ಮಳೆಗಾಲ ಮುಗಿಯುವ ತನಕ ನನ್ನ ಹತ್ತಿರ ಬಿಡು. ಇಲ್ಲಿ ಏಳು ಎಮ್ಮೆಗಳಿವೆ, ಹಾಲಿಗೆ ಬರವಿಲ್ಲ. ಜಸೀ ಫೋಯಿ ಹಗಲೆಲ್ಲ ಆಡಿಸುತ್ತಾಳೆ. ಇವರಿಗೆ ಕಣ್ಣಿಲ್ಲದಿದ್ದರೂ ಕಥೆ ಹೇಳುವುದರಲ್ಲಿ ಎತ್ತಿದ ಕೈ. ನೀನು ಹೊಸ ಮನೆಯಲ್ಲಿ ಕಾಲೂರಿದ ಮೇಲೆ ಬಂದು ಕರೆದುಕೊಂಡು ಹೋಗು. ನಾನು ಇಟ್ಟುಕೊಳ್ಳುವುದಿಲ್ಲ, ಮಾತಾಜಿಯ ಮೇಲೆ ಆಣೆ.

ಶುಕ್ರವಾರ, ಬೆಳಗಿನ ಹೊತ್ತು

ಬೆಳಕು ಹರಿಯುವಾಗಲೇ ಹೋಗಿ ಬಂದೆ. ಒಂದು ಮರಿ ಕಂಡೆ. ಇನ್ನೊಂದು ಪೊದೆಯೊಳಗೆ ಇದೆಯೋ ಇಲ್ಲವೋ ಹೇಳಲಾರೆ. ಬೂಚಿಯನ್ನು ಗಂಡುಗಳ ಜೊತೆ ಮರಳಿನಲ್ಲಿ ಕಂಡೆ, ಸೊರಗಿದ್ದಾಳೆ, ಪಕ್ಕೆಲುಬು ಎಣಿಸಬಹುದು.

ಕಾಗದವನ್ನು ಇವರಿಗೆ ಓದಿ ಹೇಳಿದೆ. ತಮ್ಮ ಸುದ್ದಿ ಬಂದಲ್ಲೆಲ್ಲ ನಾಚಿಕೊಂಡರು. ಕೊನೆಗೆ, "ಮಗೂನ್ನ ಕಳಿಸಿದ್ರೆ ಒಳ್ಳೇದಾಯ್ತು. ಆ ವೇಜಿಬಾ ಒಂದು ಸಲ ಕೊಡ್ಲಿಲ್ಲ, ಇವರಾದ್ರೂ ಕೊಡ್ಲಿ" ಎಂದರು. ಸತ್ತವಳ ಮೇಲೆ ಇವರಿಗಿರುವ ಸಿಟ್ಟು ಅದೊಂದೇ. ಮತ್ತೆ ಯಾರ ಮೇಲೂ ಇವರು ಸಿಟ್ಟಾದದ್ದನ್ನು ನಾನು ಕಂಡಿಲ್ಲ.

ಭೀಖು ಬರುವ ಹೊತ್ತಾಯಿತು. ಉತ್ತರ ಬರೆಯದಿದ್ದರೂ ಅವನ ಬಾಯಲ್ಲಿ ಒಂದು ಮಾತು ಕಳಿಸು. ಅಲ್ಲಿಯ ತನಕ ನಾನು ಉಂಡದ್ದು ಮೈಗೆ ಹತ್ತುವುದಿಲ್ಲ.

ನಿನ್ನ ತಾಯಿ,
ಪೂರಿ

ತಾ.ಕ.: ಇವರು ನೀರು ಕುಡಿಸಲು ಎಮ್ಮೆಗಳ ಬಾಲ ಹಿಡಿದು ಹೋಗಿದ್ದಾರೆ. ಇದನ್ನು ಅವರಿಗೆ ಓದಿ ಹೇಳಿಲ್ಲ.

ನಿನ್ನ ಅಜ್ಜಿ ನಿನ್ನನ್ನು ಇಟ್ಟುಕೊಳ್ಳಲಿಲ್ಲ ರೂಡಿ. "ಮಗು ತಾಯಿ ಹತ್ರ ಇರ್ಬೇಕು, ಕರ್ಕೊಂಡು ಹೋಗು. ಅವನಿಗೆ ಒಪ್ಪಿಗೇನಾ ಕೇಳ್ಕೊಂಡು ಬಾ" ಎಂದು ನನ್ನನ್ನು ಮರದ ಹತ್ತಿರ ಕಳಿಸಿದಳು. ನಾನು ಹೋಗಿ ಇವರಿಗೆ, ಅತ್ತೆ ಮಗು ಕೊಡುವುದಿಲ್ಲವಂತೆ ಎಂದೆ. ತಿರುಗಿ ಬಂದು ಅಜ್ಜಿಗೆ, ಅವರಿಗೆ ಮಗು ಬೇಡವಂತೆ ಎಂದೆ. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲವಲ್ಲ, ಇಬ್ಬರೂ ನಂಬಿದರು. ನಿನ್ನ ಅಜ್ಜಿ ಇವರನ್ನು ಕಟುಕ ಎಂದುಕೊಂಡೇ ಸತ್ತಳು. ಯಾಕೆ ಹಾಗೆ ಮಾಡಿದೆ ಎಂದರೆ, ನಿನ್ನ ಮುಖ ನಿನ್ನ ಅಪ್ಪನದೇ ಆಗಿತ್ತು, ನನಗೆ ಎಲ್ಲವನ್ನೂ ಹೊಸದಾಗಿ ಶುರುಮಾಡುವ ಆಸೆ ಇತ್ತು. ನನಗೆ ಯಾರ ಬಲವಂತವೂ ಇರಲಿಲ್ಲ.

ನಿನ್ನ ಮಾತನ್ನು ಭೀಖು ಹೇಳಿದಾಗಿನಿಂದ ನನ್ನನ್ನು ಓಡಾಡಿಸುತ್ತಿರುವುದು ಇದೇ. ಸೋಮವಾರ ವೀರಮ್‌ಗೂ ನಿನ್ನ ಅತ್ತೆಗೂ ನಡುವೆ ಮಾತು ಒಯ್ಯುವವಳು ನೀನೇ. ಹಂಗೇ ಹೋಗ್ತಿದೀನಿ ಎಂದೆಯಲ್ಲ, ಇದು ಗೊತ್ತಿದ್ದೇ ಹೇಳಿದೆಯಾ? ಗೊತ್ತಿಲ್ಲದೆ ಹೇಳಿದ್ದರೆ, ಮರದ ಕೆಳಗೆ ಕಂಕುವಿನ ಕೈ ಹಿಡಿದುಕೊಂಡೇ ಹೋಗು, ಅವಳ ಮುಖ ನೋಡಿಕೊಂಡು ಅವನೇ ಬಾಯಿಬಿಟ್ಟು ಹೇಳಲಿ.

ಇನ್ನೊಂದು ಮಾತು. ಆ ದಿನ ಇವರು ನಡೆದು ಬಂದಿರಲಿಲ್ಲ, ಯಾರದೋ ಒಂಟೆ ಕೇಳಿ ತಂದಿದ್ದರು. ಪುಟ್ಟ ಮಕ್ಕಳನ್ನು ಕೂರಿಸಲು ಕಟ್ಟುತ್ತೇವಲ್ಲ, ಹಾಗೆ ಒಂಟೆಯ ಬೆನ್ನ ಮೇಲೆ ಮಂಚ ಮಗುಚಿ ಕಟ್ಟಿ, ಒಳಗೆ ಹೊಸ ಕೌದಿ ಹಾಸಿದ್ದರು. ನಾನು ಮುಂದೆ ನಡೆದೆ, ಇವರು ಹಗ್ಗ ಹಿಡಿದು ಹಿಂದೆ ಬಂದರು. ಆ ಮಂಚವನ್ನು ದಾರಿಯುದ್ದಕ್ಕೂ ಇವರು ಬಿಚ್ಚಲಿಲ್ಲ.